‘ನಾಳೆಯಿಂದ ಬಿಡ್ತೇನೆ’ ಎಂದು ಬರೆದ ಪುಟ

ಪಿಯುಸಿ ಓದುವ ಮಕ್ಕಳ ಡೈರಿ ಈಗ ಡೈರಿಯ ರೂಪದಲ್ಲಿ ಸಿಗುವುದು ಕಡಿಮೆ. ರಫ್ ನೋಟ್‌ಬುಕ್ಕಿನ ಹಿಂಬದಿಯ ಪುಟಗಳಲ್ಲಿ, ಮೊಬೈಲಿನ ನೋಟ್ಸ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡ ಸಂದೇಶಗಳಲ್ಲಿ ಅದು ಚದುರಿಕೊಂಡಿರುತ್ತದೆ. ಅಂಥ ನಾಲ್ಕು ಟಿಪ್ಪಣಿಗಳನ್ನು ಮುಂದಿಟ್ಟುಕೊಳ್ಳೋಣ. ಇವು ಯಾವ ಒಬ್ಬ ಮಗುವಿನದ್ದೂ ಅಲ್ಲ. ಗಾಂಜಾದ ಚಟಕ್ಕೆ ಬಿದ್ದ ಮಂಗಳೂರಿನ ಹದಿನೇಳರ ಹುಡುಗನೊಬ್ಬ ಬರೆದರೆ ಹೇಗಿರಬಹುದೋ ಹಾಗೆ, ವಿಷಯ ತಿಳಿಸಲೆಂದು ಜೋಡಿಸಿದ ಸಾಲುಗಳು.

‘ಜೂನ್ 18. ಕ್ಲಾಸ್ ಬಿಟ್ಟ ಮೇಲೆ ಅವನ ರೂಮಿಗೆ ಹೋದೆವು. ಒಂದು ಎಳೆದು ನೋಡು ಮಾರಾಯ, ಎಂತ ಆಗುದಿಲ್ಲ ಅಂದ. ಕೆಮ್ಮು ಬಂತು. ಆಮೇಲೆ ನಗು ನಿಲ್ಲಲೇ ಇಲ್ಲ.’

‘ಆಗಸ್ಟ್ 2. ಟೆಸ್ಟ್ ಹಾಳಾಯ್ತು. ರಾತ್ರಿ ನಿದ್ದೆ ಬರಲಿಲ್ಲ. ಒಬ್ಬನೇ ಟೆರೇಸಿಗೆ ಹೋಗಿ ಸೇದಿದೆ.’

‘ಸೆಪ್ಟೆಂಬರ್ 21. ಮೂರು ಜನರ ದುಡ್ಡು ನನ್ನ ಜಿಪೇಗೆ ಬಂತು. ನಾನೇ ಹೋಗಿ ತಂದೆ. ನನ್ನ ಪಾಲು ಫ್ರೀ.’

‘ಅಕ್ಟೋಬರ್ 9. ಫೀಸಿನ ದುಡ್ಡಿನ ಬಗ್ಗೆ ಅಮ್ಮನಿಗೆ ಸುಳ್ಳು ಹೇಳಿದೆ. ಸಾಕು. ನಾಳೆಯಿಂದ ಬಿಡ್ತೇನೆ.’

ಆಮೇಲೆ ಖಾಲಿ ಪುಟಗಳು.

ಅಪ್ಪ ಅಮ್ಮನ ಕಣ್ಣು ನೇರ ಹೋಗುವುದು ಮೊದಲ ಟಿಪ್ಪಣಿಗೆ. ಆ ‘ಅವನು’ ಯಾರು, ಯಾರ ಮಗ, ಯಾವ ರೂಮು? ಮನೆಯಲ್ಲಿ ರಂಪ ಆಗುವುದೆಲ್ಲ ಆ ಒಂದು ಹೆಸರಿನ ಸುತ್ತ. ಮನೋವೈದ್ಯರು ಎರಡನೆಯದರ ಮೇಲೆ ಬೆರಳಿಡುತ್ತಾರೆ, ವಕೀಲರು ಮೂರನೆಯದರ ಮೇಲೆ. ನಾಲ್ಕನೆಯದನ್ನು ಓದಿ ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ: ಹೇಗೂ ಬಿಡ್ತೇನೆ ಅಂತ ಅವನೇ ಬರೆದಿದ್ದಾನಲ್ಲ. ಈ ಲೇಖನ ಹೇಳಹೊರಟಿರುವುದು ಆ ನಾಲ್ಕನೆಯ ಪುಟದ ಬಗ್ಗೆಯೇ. ತನ್ನ ಕೈ ಮೀರಿದೆ ಎಂದು ಮಗು ತನಗೆ ತಾನೇ ಒಪ್ಪಿಕೊಂಡ ದಿನ ಅದು. ಆ ದಿನ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನ ಹತ್ತು ದಿನ ತನ್ನ ಮೈಗೆ ಏನಾಗುತ್ತದೆ ಎಂಬುದು ಅವನಿಗೂ ಗೊತ್ತಿರುವುದಿಲ್ಲ. ಹಾಗಾಗಿ ಐದನೇ ದಿನಕ್ಕೆ ಸೋಲುತ್ತಾನೆ, ತನ್ನಿಂದ ಆಗದು ಎಂದು ತೀರ್ಮಾನಿಸುತ್ತಾನೆ, ಬರೆಯುವುದನ್ನೇ ನಿಲ್ಲಿಸುತ್ತಾನೆ. ಖಾಲಿ ಪುಟಗಳು ಹುಟ್ಟುವುದು ಹೀಗೆ.

ಆಗಸ್ಟ್ 2ರ ಸಾಲಿನಲ್ಲಿ ಎರಡು ಸಂಗತಿ ಇವೆ: ನಿದ್ದೆ ಬರಲಿಲ್ಲವೆಂದು ಸೇದಿದ್ದು, ಒಬ್ಬನೇ ಸೇದಿದ್ದು. 12ರಿಂದ 21 ವರ್ಷದವರಿಗೆಂದು ವೈದ್ಯರು ಬಳಸುವ ‘ಕ್ರಾಫ್ಟ್’ ಎಂಬ ಆರು ಪ್ರಶ್ನೆಗಳ ತಪಾಸಣೆ ಇದೆ. ನಶೆಯಲ್ಲಿದ್ದವರು, ಅಥವಾ ನೀನೇ ನಶೆಯಲ್ಲಿ, ಓಡಿಸಿದ ಗಾಡಿಯಲ್ಲಿ ಹೋಗಿದ್ದೀಯಾ? ಮನಸ್ಸು ಹಗುರ ಆಗಲಿ ಅಥವಾ ಜೊತೆಯವರಿಗೆ ಹೊಂದಿಕೊಳ್ಳಲಿ ಎಂದು ತೆಗೆದುಕೊಂಡದ್ದಿದೆಯಾ? ಒಬ್ಬನೇ ಇದ್ದಾಗ? ಆ ಹೊತ್ತಿನಲ್ಲಿ ಮಾಡಿದ್ದು ಮರೆತುಹೋದದ್ದಿದೆಯಾ? ಕಡಿಮೆ ಮಾಡು ಎಂದು ಮನೆಯವರೋ ಗೆಳೆಯರೋ ಹೇಳಿದ್ದಾರಾ? ಇದರಿಂದ ತೊಂದರೆಗೆ ಸಿಕ್ಕಿಬಿದ್ದದ್ದಿದೆಯಾ? ಆರರಲ್ಲಿ ಎರಡಕ್ಕೆ ಹೌದು ಎಂದರೆ ಸಾಕು, ವಿವರವಾದ ತಪಾಸಣೆ ಬೇಕು. ನಮ್ಮ ಹುಡುಗ ಒಂದೇ ಸಾಲಿನಲ್ಲಿ ಎರಡಕ್ಕೂ ಹೌದು ಎಂದಿದ್ದಾನೆ, ಸುಳ್ಳು ಹೇಳುವ ಎರಡು ತಿಂಗಳು ಮೊದಲೇ. ಕಳ್ಳತನ, ಸುಳ್ಳು, ಮಾರ್ಕ್ಸ್ ಇಳಿದದ್ದು ಮನೆಗೆ ಕಾಣುವ ಲಕ್ಷಣಗಳು ನಿಜ, ಆದರೆ ಅವು ಕಾಣುವಷ್ಟರಲ್ಲಿ ತಡವಾಗಿರುತ್ತದೆ.

ಗಾಂಜಾ ಗಿಡ ತಾನೇ, ಕುಡಿತಕ್ಕಿಂತ ವಾಸಿ ಎಂಬ ವಾದ ಮಕ್ಕಳ ಬಾಯಲ್ಲಿ ಸದಾ ಸಿದ್ಧ. ಅದಕ್ಕೆ ಬೈಗುಳದಿಂದ ಉತ್ತರ ಕೊಟ್ಟರೆ ಪ್ರಯೋಜನವಿಲ್ಲ, ಮಾಹಿತಿಯಿಂದ ಕೊಡಬೇಕು. ಗಾಂಜಾ ಬಳಸುವವರಲ್ಲಿ ಒಟ್ಟಾರೆ ಹತ್ತರಲ್ಲಿ ಒಬ್ಬರು ವ್ಯಸನಕ್ಕೆ ಬೀಳುತ್ತಾರೆ. ಹದಿಹರೆಯದಲ್ಲಿ ಶುರುಮಾಡಿದವರಲ್ಲಿ ಅದು ಆರರಲ್ಲಿ ಒಬ್ಬರ ಹತ್ತಿರಕ್ಕೆ ಬರುತ್ತದೆ. ಹಿಂದುಮುಂದು ನೋಡಿ ‘ಬೇಡ’ ಎನ್ನುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ವಯಸ್ಸಿಗೆ. ಅದು ಕಟ್ಟಿಕೊಳ್ಳುತ್ತಿರುವಾಗಲೇ ಟಿಎಚ್‌ಸಿ ಎಂಬ ರಾಸಾಯನಿಕ ಅಲ್ಲಿ ಕೈಯಾಡಿಸುತ್ತದೆ. ನೆನಪು, ಗಮನ ಎರಡೂ ಸಡಿಲವಾಗುತ್ತವೆ. ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಯಾರೋ ಹಿಂಬಾಲಿಸುತ್ತಿದ್ದಾರೆ, ಕಿವಿಯಲ್ಲಿ ಮಾತು ಕೇಳುತ್ತದೆ ಎಂದು ಮಗು ಹೇಳಿದ ದಿನವೇ ಮನೋವೈದ್ಯರ ಬಳಿ ಹೋಗಬೇಕು. ಸೋಮವಾರ ನೋಡುವ ಎನ್ನುವ ವಿಷಯ ಅದಲ್ಲ.

ದೇರಳಕಟ್ಟೆ, ಕೊಣಾಜೆ, ಸುರತ್ಕಲ್, ಮಣಿಪಾಲ ಎಲ್ಲವೂ ಪಿಜಿ, ಹಾಸ್ಟೆಲ್ ತುಂಬಿದ ಊರುಗಳು. ಮನೆಯಿಂದ ದೂರ ಇರುವ, ಕೈಯಲ್ಲಿ ದುಡ್ಡಿರುವ ಯುವಕರು ಎಲ್ಲಿದ್ದಾರೋ ಅಲ್ಲಿಗೆ ಸರಕು ಬರುತ್ತದೆ. ಗಾಂಜಾದ ಪಕ್ಕದಲ್ಲೇ ಈಗ ಎಂಡಿಎಂಎ ಎಂಬ ರಾಸಾಯನಿಕ ನಶೆ ಬಂದು ಕೂತಿದೆ. 2025ರ ಮಾರ್ಚ್‌ನಲ್ಲಿ ಮಂಗಳೂರು ಸಿಸಿಬಿ ಪೊಲೀಸರು ಬೆಂಗಳೂರಿನಲ್ಲಿ ಇಬ್ಬರು ವಿದೇಶಿ ಮಹಿಳೆಯರನ್ನು ಬಂಧಿಸಿ ವಶಪಡಿಸಿಕೊಂಡದ್ದು 37 ಕೆಜಿಗೂ ಹೆಚ್ಚು ಎಂಡಿಎಂಎ. ಮಾದಕವಸ್ತು ಕಾಯಿದೆಯಲ್ಲಿ ಅತಿ ಕಠಿಣ ಶಿಕ್ಷೆ ಶುರುವಾಗುವ ‘ವಾಣಿಜ್ಯ ಪ್ರಮಾಣ’ ಈ ವಸ್ತುವಿಗೆ 10 ಗ್ರಾಂ ಎಂದು ನೆನಪಿಟ್ಟರೆ ಆ ರಾಶಿಯ ಗಾತ್ರ ಅರ್ಥವಾಗುತ್ತದೆ. ಇನ್ನೊಂದು ಕಡೆ, ದುಡ್ಡಿಲ್ಲದ ಸಣ್ಣ ಮಕ್ಕಳು ಮೂಸುವ ಅಂಟು, ಥಿನ್ನರ್, ಪೆಟ್ರೋಲ್ ಇದೆ. ಇದರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಕೇಂದ್ರ ಸರಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಏಕೈಕ ನಶೆ ಇದು: ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ಮೂಸುತ್ತಿರುವ ಮಗುವನ್ನು ಗದರಿಸಿ ಅಟ್ಟಿಸಿಕೊಂಡು ಹೋಗಬಾರದು. ಆ ಆವಿ ಹೃದಯದ ಬಡಿತವನ್ನು ಅಸ್ಥಿರ ಮಾಡಿರುತ್ತದೆ; ಹೆದರಿಕೆಯ ಓಟದಲ್ಲಿ ಹೃದಯ ಒಮ್ಮೆಲೇ ನಿಂತುಹೋಗಬಹುದು.

ಎಂಡಿಎಂಎ ಅಥವಾ ಮಕ್ಕಳ ಭಾಷೆಯ ‘ಎಂಡಿ’ ಕೊಲ್ಲುವುದು ಮುಖ್ಯವಾಗಿ ಬಿಸಿಯಿಂದ. ಮೈಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದೇ ಕಷ್ಟ, ಹಾಗಾಗಿ ಮೈ ತಣಿಯುವುದಿಲ್ಲ. ಜೊತೆಯವರು ಗಾಬರಿಯಲ್ಲಿ ಲೀಟರ್‌ಗಟ್ಟಲೆ ನೀರು ಕುಡಿಸುತ್ತಾರೆ, ಆಗ ರಕ್ತದ ಸೋಡಿಯಂ ಕುಸಿದು ಫಿಟ್ಸ್ ಬರುತ್ತದೆ. ಮೈ ಕೆಂಡದಂತೆ ಸುಡುತ್ತಿದೆ, ಮಾತು ತಪ್ಪುತ್ತಿದೆ ಎಂದರೆ ಫ್ಯಾನಿನ ಕೆಳಗೆ ಮಲಗಿಸಿ, ಒದ್ದೆ ಬಟ್ಟೆಯಿಂದ ಒರೆಸುತ್ತಾ 108ಕ್ಕೆ ಕರೆ ಮಾಡುವುದೇ ದಾರಿ. ಪ್ರಜ್ಞೆ ಇಲ್ಲದಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು, ವಾಂತಿ ಉಸಿರಿಗೆ ಹೋಗಬಾರದು. ಲಿಂಬೆ ರಸ, ಹುಣಸೆ ನೀರು, ಮಜ್ಜಿಗೆ ಕುಡಿಸಿ ‘ಇಳಿಸುವ’ ಪ್ರಯತ್ನ ಬೇಡ. ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಏನು ತೆಗೆದುಕೊಂಡಿದ್ದ ಎಂದು ಆಂಬುಲೆನ್ಸಿನವರಿಗೆ ನಿಜ ಹೇಳಬೇಕು. ಗೆಳೆಯರು ಓಡಿಹೋಗುವುದು ಪೊಲೀಸರ ಹೆದರಿಕೆಯಿಂದ, ಸಾಯುವುದು ಬಿಟ್ಟುಹೋದ ಹುಡುಗ.

ಈಗ ಅಕ್ಟೋಬರ್ 9ರ ಪುಟಕ್ಕೆ ಬರೋಣ. ದಿನಾ ಗಾಂಜಾ ಸೇದುತ್ತಿದ್ದವನು ಅಕ್ಟೋಬರ್ 10ರಂದು ನಿಲ್ಲಿಸಿದ ಎಂದಿಟ್ಟುಕೊಳ್ಳಿ. ಮೊದಲ ದಿನ ಏನೂ ಆಗುವುದಿಲ್ಲ, ಹೆಮ್ಮೆಯಿಂದ ಇರುತ್ತಾನೆ. ಒಂದರಿಂದ ಮೂರು ದಿನದೊಳಗೆ ಶುರುವಾಗುತ್ತದೆ: ಸುಮ್ಮಸುಮ್ಮನೆ ಸಿಟ್ಟು, ಚಡಪಡಿಕೆ, ಊಟ ಸೇರದು, ಹೊಟ್ಟೆ ತೊಳೆಸಿದ ಹಾಗೆ. ರಾತ್ರಿ ಮೈಯೆಲ್ಲ ಬೆವರಿ ಬೆಡ್‌ಶೀಟ್ ಒದ್ದೆ. ಕಣ್ಣು ಹತ್ತಿದರೆ ವಿಚಿತ್ರ, ಕಣ್ಣಿಗೆ ಕಟ್ಟಿದಂಥ ಕನಸುಗಳು. ಮೊದಲ ವಾರದಲ್ಲಿ ಇದು ತುತ್ತತುದಿಗೆ ಹೋಗಿ, ಎರಡನೇ ವಾರದ ಹೊತ್ತಿಗೆ ಇಳಿಯುತ್ತದೆ. ನಿದ್ದೆ ಮಾತ್ರ ಸರಿಯಾಗಲು ಇನ್ನೂ ಕೆಲವು ವಾರ ಬೇಕು. ಇದರಲ್ಲಿ ಜೀವಕ್ಕೆ ಅಪಾಯವಿಲ್ಲ. ಆದರೆ ಮನೆಯಲ್ಲಿ ಸರಿಯಾಗಿ ಮೂರನೇ, ನಾಲ್ಕನೇ ದಿನವೇ ದೊಡ್ಡ ಜಗಳ ಆಗುತ್ತದೆ. ‘ಇಷ್ಟು ಮಾಡಿಯೂ ನಮಗೇ ಎದುರು ಮಾತಾ?’ ಎಂದು ಅಪ್ಪ ಕೈ ಎತ್ತುವುದು ಆಗಲೇ. ಆ ಸಿಟ್ಟು ಸೊಕ್ಕಿನದ್ದಲ್ಲ, ನಶೆ ನಿಂತ ಮೈಯದ್ದು ಎಂದು ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಆ ರಾತ್ರಿ ಬೇರೆ ಥರ ಕಳೆಯುತ್ತಿತ್ತು.

ಆ ದಿನಗಳಲ್ಲಿ ಮನೆಯವರು ಮಾಡಬಹುದಾದದ್ದು ಸಣ್ಣ ಸಣ್ಣ ಕೆಲಸಗಳು. ಅನ್ನ ಸಾರು ಸೇರದವನಿಗೆ ತೆಳು ಗಂಜಿ, ಒಂದು ಚೂರು ಉಪ್ಪಿನಕಾಯಿ ಸೇರುತ್ತದೆ. ರಾತ್ರಿ ಹನ್ನೊಂದಕ್ಕೂ ಅಡುಗೆಮನೆಯಲ್ಲಿ ಅದು ಮುಚ್ಚಿಟ್ಟಿರಲಿ. ಒದ್ದೆಯಾದ ಬೆಡ್‌ಶೀಟ್ ಬದಲಿಸಲು ಇನ್ನೊಂದು ಕೈಗೆ ಸಿಗುವಂತಿರಲಿ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಸಂಜೆ ಒಂದು ಗಂಟೆ ನಡಿಗೆಯೋ ಆಟವೋ ನಿದ್ದೆಗೆ ನೆರವು. ಹಾಸ್ಟೆಲಿನಲ್ಲಿದ್ದರೆ ಈ ಎರಡು ವಾರ ಮನೆಗೆ ಕರೆಸಿಕೊಳ್ಳುವುದು ಒಳ್ಳೆಯದು. ಮೊಬೈಲ್ ಒಡೆದುಹಾಕುವುದು, ಕೋಣೆಗೆ ಹೊರಗಿನಿಂದ ಬೀಗ ಜಡಿಯುವುದು, ಘಟ್ಟದ ಮೇಲಿನ ಸಂಬಂಧಿಕರ ಮನೆಗೆ ಸಾಗಹಾಕುವುದು, ಈ ಮೂರರಿಂದಲೂ ಚಟ ಹೋಗುವುದಿಲ್ಲ. ಬಚ್ಚಿಡುವ ಕಲೆ ಹೆಚ್ಚುತ್ತದೆ.

ಗಾಂಜಾದ ಲೆಕ್ಕ ಬೇರೆ ವಸ್ತುಗಳಿಗೆ ಹೊಂದುವುದಿಲ್ಲ, ಇಲ್ಲಿ ತಪ್ಪಿದರೆ ಪ್ರಾಣಕ್ಕೇ ಬರುತ್ತದೆ. ದಿನಾ ಮದ್ಯ ಅಥವಾ ನಿದ್ದೆಮಾತ್ರೆ ತೆಗೆದುಕೊಳ್ಳುತ್ತಿದ್ದವರು ಒಮ್ಮೆಲೇ ನಿಲ್ಲಿಸಬಾರದು. ಮದ್ಯ ನಿಂತ ಮೊದಲ ಎರಡು ದಿನದಲ್ಲೇ ಫಿಟ್ಸ್ ಬರಬಹುದು, ಎರಡು ಮೂರನೇ ದಿನಕ್ಕೆ ಸನ್ನಿ ಹಿಡಿಯಬಹುದು. ನಿದ್ದೆಮಾತ್ರೆಯದ್ದು ಇನ್ನೂ ತಡವಾಗಿ ಬರುವುದುಂಟು. ಅದನ್ನು ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಎಂಡಿಎಂಎ ಇಳಿದ ಎರಡರಿಂದ ನಾಲ್ಕು ದಿನ ಮನಸ್ಸು ಪಾತಾಳಕ್ಕೆ ಹೋಗುತ್ತದೆ, ಏಕೆಂದರೆ ಮನಸ್ಸನ್ನು ಹದದಲ್ಲಿಡುವ ಮೆದುಳಿನ ಸೆರೊಟೋನಿನ್ ಒಮ್ಮೆಲೇ ಚೆಲ್ಲಿಹೋಗಿರುತ್ತದೆ. ಆ ದಿನಗಳಲ್ಲಿ ಮಗುವನ್ನು ಒಂಟಿ ಬಿಡಬಾರದು, ‘ಸತ್ತುಹೋಗಬೇಕು ಅನಿಸ್ತದಾ?’ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ನಂಬಿಕೆ. ಹೆರಾಯಿನ್, ಟ್ರಮಡಾಲ್, ಟಾಪೆಂಟಡಾಲ್‌ನಂಥ ಓಪಿಯಾಯ್ಡ್ (ಅಫೀಮಿನ ಥರ ಕೆಲಸ ಮಾಡುವ ವಸ್ತು) ಬಿಟ್ಟವರಿಗೆ ಮೈಕೈ ನೋವು, ಮೂಗು ಸೋರುವುದು, ಭೇದಿ; ಹೆರಾಯಿನ್ ಆದರೆ ಎರಡು ಮೂರನೇ ದಿನಕ್ಕೆ ತೀವ್ರವಾಗಿ ಒಂದು ವಾರದೊಳಗೆ ಇಳಿಯುತ್ತದೆ. ನಿಜವಾದ ಗಂಡಾಂತರ ಅದರ ಆಮೇಲೆ. ಕೆಲವು ವಾರ ಬಿಟ್ಟ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಹಳೆಯ ಅಂದಾಜಿನಲ್ಲೇ ಒಮ್ಮೆ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಬ್ಯುಪ್ರೆನಾರ್ಫಿನ್‌ನಂಥ ಔಷಧವನ್ನು ವೈದ್ಯರು ತಿಂಗಳುಗಟ್ಟಲೆ ಮುಂದುವರಿಸುವುದು ಈ ಕಾರಣಕ್ಕೆ. ‘ಒಂದು ಬಿಟ್ಟು ಇನ್ನೊಂದು ಚಟ’ ಎಂದು ಹೇಳಿ ಮನೆಯವರೇ ಅದನ್ನು ನಿಲ್ಲಿಸಬಾರದು.

ಸೆಪ್ಟೆಂಬರ್ 21ರ ಸಾಲು ಹುಡುಗನ ಲೆಕ್ಕದಲ್ಲಿ ಗೆಳೆಯರಿಗೆ ಮಾಡಿದ ಉಪಕಾರ. 1985ರ ಎನ್‌ಡಿಪಿಎಸ್ ಎಂಬ ಮಾದಕವಸ್ತು ಕಾಯಿದೆಯ ಲೆಕ್ಕದಲ್ಲಿ ಅವನು ಅಂದು ಬಳಸುವವನ ಸಾಲಿನಿಂದ ಪೂರೈಸುವವನ ಸಾಲಿಗೆ ಸರಿದ. ಮೂವರ ಹಣ ಬಂದ ಯುಪಿಐ ದಾಖಲೆ, ‘ಎಷ್ಟು ಬೇಕು’ ಎಂಬ ಚಾಟ್, ಎರಡೂ ಸಾಕ್ಷಿ. 29ನೇ ಸೆಕ್ಷನ್‌ನಡಿ ಕುಮ್ಮಕ್ಕು, ಒಳಸಂಚು ಎಂದು ಉಳಿದವರೂ ಸೇರುತ್ತಾರೆ. ಪ್ರಮಾಣದ ಪಟ್ಟಿಯನ್ನೂ ಸರಿಯಾಗಿ ತಿಳಿಯಬೇಕು. ಗಾಂಜಾ 1 ಕೆಜಿವರೆಗೆ ‘ಸಣ್ಣ ಪ್ರಮಾಣ’, 20 ಕೆಜಿ ಮೀರಿದರೆ ವಾಣಿಜ್ಯ. ಚರಸ್ 100 ಗ್ರಾಂ ಮತ್ತು 1 ಕೆಜಿ. ಎಂಡಿಎಂಎ ಅರ್ಧ ಗ್ರಾಂ ಮತ್ತು 10 ಗ್ರಾಂ. ಸಣ್ಣ ಪ್ರಮಾಣ ಎಂದರೆ ಕೇಸಿಲ್ಲ ಎಂದು ಮಕ್ಕಳು ನಂಬಿದ್ದಾರೆ. ಗಾಂಜಾದಲ್ಲಿ ಅದಕ್ಕೂ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ, ಜಾಮೀನು ಸಿಗುವುದೇ ದುಸ್ತರ. ಪುಡಿಯಲ್ಲಿ ಕಲಬೆರಕೆ ಎಷ್ಟಿದ್ದರೂ ತೂಕ ಪೂರ್ತಿ ಪುಡಿಯದ್ದೇ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಲ್ಕು ಜನರಿಗೆಂದು ತಂದ ಎಂಡಿಎಂಎ ಅರ್ಧ ಗ್ರಾಮಿನ ಗೆರೆ ದಾಟಲು ಎಷ್ಟು ಹೊತ್ತು?

ಇದೇ ಕಾಯಿದೆಯಲ್ಲಿ ಒಂದು ಬಾಗಿಲು ತೆರೆದಿದೆ, ಅದು ಹೆಚ್ಚಿನ ಮನೆಗಳಿಗೆ ಗೊತ್ತಿಲ್ಲ. 64ಎ ಸೆಕ್ಷನ್ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಪ್ರಾಸಿಕ್ಯೂಷನ್‌ನಿಂದ ವಿನಾಯಿತಿ ಇದೆ. ಷರತ್ತು ಎರಡು: ಚಿಕಿತ್ಸೆ ಸರಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೇ ಮಾನ್ಯ ಮಾಡಿದ ಕಡೆ ಆಗಬೇಕು, ಮತ್ತು ಅರ್ಧಕ್ಕೆ ಬಿಡಬಾರದು, ಬಿಟ್ಟರೆ ವಿನಾಯಿತಿ ಹೋಗಬಹುದು. ತಪ್ಪಿತಸ್ಥ ಎಂದಾದ ಮೇಲೂ ಶಿಕ್ಷೆಯ ಬದಲು ಚಿಕಿತ್ಸೆಗೆ ಕಳಿಸಲು 39ನೇ ಸೆಕ್ಷನ್ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ಆಸ್ಪತ್ರೆಯ ಒಪಿಡಿ ಚೀಟಿಗಳನ್ನು ತಾರೀಕಿನ ಕ್ರಮದಲ್ಲಿ ಜೋಪಾನ ಮಾಡಬೇಕೆನ್ನುವುದು ಇದಕ್ಕೆ.

18 ತುಂಬದವರಿಗೆ 2015ರ ಬಾಲನ್ಯಾಯ ಕಾಯಿದೆ ಅನ್ವಯಿಸುತ್ತದೆ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಹೆಸರು ಫೋಟೊ ಹೊರಗೆ ಬರಬಾರದು. ಮಗುವಿಗೆ ಮಾದಕ ವಸ್ತು ಕೊಟ್ಟವರಿಗೆ 77ನೇ ಸೆಕ್ಷನ್, ಮಗುವಿನ ಕೈಯಲ್ಲಿ ಸಾಗಿಸಿದವರಿಗೆ ಅಥವಾ ಮಾರಿಸಿದವರಿಗೆ 78ನೇ ಸೆಕ್ಷನ್. ಎರಡಕ್ಕೂ ಏಳು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಮೊದಲ ಪುಟದ ಆ ಹೆಸರಿಗೆ ಇಲ್ಲಿ ಬೆಲೆ ಬರುತ್ತದೆ. ಗೆಳೆಯನ ಮನೆ ಮುಂದೆ ಹೋಗಿ ಕೂಗಾಡುವುದರಿಂದ ಏನೂ ಆಗದು. ಅವನಿಗೆ ಸರಕು ಕೊಡುವ ಮೇಲಿನವನ ಮಾಹಿತಿಯನ್ನು 1933 ಮಾದಕವಸ್ತು ಸಹಾಯವಾಣಿಗೆ ಕೊಡಬಹುದು.

ಕಾಲೇಜುಗಳಲ್ಲಿ ಈಗ ಮೂತ್ರ ಪರೀಕ್ಷೆಯ ಮಾತು ಜೋರಾಗಿದೆ. ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ತಿಳಿದು ಮಾಡಿದರೆ ಉಪಯೋಗವಿದೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗಿ ನಿಲ್ಲುತ್ತದೆ. ಒಮ್ಮೆ ಸೇದಿದವನಲ್ಲಿ ಮೂರು ನಾಲ್ಕು ದಿನ, ದಿನಾ ಸೇದುವವನಲ್ಲಿ ಒಂದು ತಿಂಗಳವರೆಗೂ ಕಾಣಬಹುದು. ಅಂದರೆ ಮೂರು ವಾರದಿಂದ ಬಿಟ್ಟವನೂ ಪಾಸಿಟಿವ್ ಬರುತ್ತಾನೆ. ಎಂಡಿಎಂಎ ಎರಡರಿಂದ ನಾಲ್ಕು ದಿನದಲ್ಲಿ ಮಾಯ. ಸ್ಟ್ರಿಪ್ಪಿನ ಪರೀಕ್ಷೆ ಕೆಲವು ಶೀತ-ಕೆಮ್ಮಿನ ಔಷಧಗಳಿಗೂ ತಪ್ಪು ಗೆರೆ ತೋರಿಸುವುದುಂಟು. ಗ್ಯಾಸ್ ಕ್ರೊಮ್ಯಾಟೊಗ್ರಫಿಯಂಥ ಪರೀಕ್ಷೆಯಲ್ಲಿ ಖಚಿತವಾಗುವ ಮೊದಲು ಯಾರ ಹೆಸರನ್ನೂ ಹೊರಗೆ ಬಿಡಬಾರದು. ಖಚಿತವಾದ ಮೇಲೆ ಟಿಸಿ ಕೊಟ್ಟು ಕಳಿಸುವ ಪದ್ಧತಿಯನ್ನಂತೂ ಒಪ್ಪಲು ಸಾಧ್ಯವಿಲ್ಲ. ಬೆಳಗ್ಗೆ ಎದ್ದು ಹೋಗಲು ಒಂದು ಕ್ಲಾಸು, ನಶೆ ಮಾಡದ ನಾಲ್ಕು ಗೆಳೆಯರು, ಇದೇ ಆ ಮಗುವಿಗೆ ಉಳಿದಿರುವ ಆಧಾರ. ಅದನ್ನೂ ಕಿತ್ತರೆ ಅವನು ಹೋಗುವುದು ಸರಕು ಸಿಗುವ ರೂಮಿಗೇ.

ಚಿಕಿತ್ಸೆಗೆ ದೂರ ಹೋಗಬೇಕಾಗಿಲ್ಲ. ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆ, ಮಂಗಳೂರು-ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳು, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ, ಉಡುಪಿಯ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ, ಇಲ್ಲೆಲ್ಲ ಮನೋವೈದ್ಯರಿದ್ದಾರೆ. ಹೋಗುವ ಮೊದಲು ಮಾತಾಡಿ ನೋಡಬೇಕು ಎನ್ನುವವರಿಗೆ ಟೆಲಿಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಮಕ್ಕಳಿಗೆ 1098. ಮೊದಲ ಭೇಟಿಯಲ್ಲಿ ವೈದ್ಯರು ಮಗುವಿನ ಜೊತೆ ಒಂಟಿಯಾಗಿ ಮಾತಾಡಲು ಕೇಳುತ್ತಾರೆ; ಅಮ್ಮ ಹೊರಗೆ ಕಾಯಬೇಕು, ಬೇಸರಪಡಬಾರದು. ಗಾಂಜಾಕ್ಕಾಗಲಿ ಎಂಡಿಎಂಎಗಾಗಲಿ ಚಟ ಬಿಡಿಸುವ ಮಾತ್ರೆ ಇಲ್ಲ. ನಿದ್ದೆಗೆ, ಆತಂಕಕ್ಕೆ ಸ್ವಲ್ಪ ದಿನದ ಔಷಧ ಕೊಡಬಹುದು, ಉಳಿದದ್ದು ವಾರವಾರದ ಮಾತಿನ ಚಿಕಿತ್ಸೆ. ಖಿನ್ನತೆ, ಎಡಿಎಚ್‌ಡಿಯಂಥ (ಗಮನ ನಿಲ್ಲದ, ಚಡಪಡಿಸುವ) ತೊಂದರೆ ಅಡಿಯಲ್ಲಿ ಇದ್ದರೆ ಅದಕ್ಕೂ ಮದ್ದು ಬೇಕು. ಅದನ್ನು ಬಿಟ್ಟರೆ ಚಟ ತಿರುಗಿ ಬರುತ್ತದೆ.

ದಾಖಲಿಸಬೇಕಾಗಿ ಬಂದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ 18ರೊಳಗಿನವರನ್ನು ದೊಡ್ಡವರ ಜೊತೆ ಇಡುವಂತಿಲ್ಲ, ಪೋಷಕರು ಅಥವಾ ಅವರು ನೇಮಿಸಿದವರು ಪೂರ್ತಿ ದಿನ ಜೊತೆಗಿರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ‘ಮೂರು ತಿಂಗಳು ನೀವು ಬರುವುದು ಬೇಡ, ನಾವು ಸರಿ ಮಾಡ್ತೇವೆ’ ಎನ್ನುವ ಕೇಂದ್ರ ಕಂಡರೆ ಮಗುವನ್ನು ಅಲ್ಲಿ ಬಿಡಬೇಡಿ. ಕಟ್ಟಿಹಾಕುವುದು, ಹೊಡೆಯುವುದು ಚಿಕಿತ್ಸೆಯಲ್ಲ, ಸರಪಳಿಯನ್ನಂತೂ ಕಾಯಿದೆಯೇ ನಿಷೇಧಿಸಿದೆ. ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ’ ಎಂದು ಮಾರುವ ಪುಡಿಯೂ ಬೇಡ. ಕುಡಿತ ಬಿಡಿಸುವುದೆಂದು ಹೇಳುವ ಅಂಥ ಪುಡಿಯಲ್ಲಿ ಡೈಸಲ್ಫಿರಾಂ ಇದ್ದರೆ, ತಿಂದದ್ದು ತಿಳಿಯದೆ ಮದ್ಯ ಕುಡಿದವನ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರುತ್ತದೆ.

ಡೈರಿ ಓದಿಬಿಟ್ಟ ಅಮ್ಮ ಏನು ಹೇಳಬೇಕು? ಓದಿಲ್ಲವೆಂದು ನಟಿಸುವುದು ಬೇಡ, ಮುಂದೊಂದು ದಿನ ಅದು ಬಯಲಾಗಿ ನಂಬಿಕೆ ಮುರಿಯುತ್ತದೆ. ಮಗ ನಶೆಯಲ್ಲಿಲ್ಲದ, ಅಪ್ಪನ ಸಿಟ್ಟೂ ಇಳಿದ ಹೊತ್ತು ನೋಡಿ, ‘ನಿನ್ನ ಪುಸ್ತಕ ನೋಡಿದೆ ಮಗಾ. ಬೈಲಿಕ್ಕೆ ಬಂದದ್ದಲ್ಲ. ಬಿಡ್ತೇನೆ ಅಂತ ಬರ್ದಿದ್ದೀಯಲ್ಲ, ಆಮೇಲೆ ಎಷ್ಟು ದಿನ ಆಯ್ತು? ನಿದ್ದೆ ಬರ್ತದಾ ನಿಂಗೆ?’ ಎಂದರೆ ಸಾಕು. ಯಾರು ಕೊಟ್ಟದ್ದು ಎಂಬ ಪ್ರಶ್ನೆ ಆ ದಿನಕ್ಕೆ ಬೇಡ. ಮೊದಲ ಪ್ರಶ್ನೆಯೇ ಅದಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಆ ಖಾಲಿ ಪುಟಗಳು ಮತ್ತೆ ತುಂಬುವುದು ಚಿಕಿತ್ಸೆ ಶುರುವಾದ ಮೇಲೆ. ಕೌನ್ಸೆಲರ್‌ಗಳು ಮಕ್ಕಳಿಂದ ಬರೆಸುವ ಇನ್ನೊಂದು ಥರದ ದಿನಚರಿ ಇದೆ, ಒಂದು ಪುಟಕ್ಕೆ ಐದು ಕಾಲಂ: ಎಷ್ಟು ಗಂಟೆಗೆ ಆಸೆ ಬಂತು, ಎಲ್ಲಿದ್ದೆ, ಯಾರಿದ್ದರು, ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಜೋರು, ಆಗ ಏನು ಮಾಡಿದೆ. ಆಸೆ ಅಲೆಯ ಹಾಗೆ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ತಳ್ಳಿದರೆ ಆಯಿತು ಎಂಬುದು ಅವನದೇ ಕೈಬರಹದಲ್ಲಿ ಅವನಿಗೆ ಕಾಣುತ್ತದೆ. ಎರಡು ವಾರದ ಪುಟಗಳನ್ನು ಒಟ್ಟಿಗೆ ಓದಿದಾಗ ಒಂದೇ ಹೊತ್ತು, ಒಂದೇ ಜಾಗ ಮತ್ತೆ ಮತ್ತೆ ಬರುತ್ತದೆ. ಸಂಜೆ ಐದೂವರೆಗೆ, ಬಸ್ಸಿಗೆ ಕಾಯುವಾಗ, ಆ ರೂಮಿನ ಕಡೆಯ ತಿರುವಿನಲ್ಲಿ ಎಂದು. ಆಗ ಬದಲಿಸಬೇಕಾದದ್ದು ಇಡೀ ಜೀವನವನ್ನಲ್ಲ, ಆ ಒಂದು ಬಸ್‌ಸ್ಟಾಪನ್ನು. ನಡುವೆ ಒಂದು ದಿನ ಜಾರಿದರೆ ಅದನ್ನೂ ಅದೇ ಪುಟದಲ್ಲಿ, ಅದೇ ಐದು ಕಾಲಂನಲ್ಲಿ ಬರೆದು ಮುಂದಿನ ಭೇಟಿಗೆ ತರಲು ಹೇಳುತ್ತಾರೆ.